ಭಾವ ಕೊಂಡ ಎಂಟು ಚಿಪ್

ಮೊನ್ನೆ ನನ್ನ ಹಳೆಯ ಲ್ಯಾಪ್‌ಟಾಪನ್ನು ಎತ್ತಿಕೊಂಡು ಮಣಿಪಾಲದ ಒಂದು ಅಂಗಡಿಗೆ ಹೋಗಿದ್ದೆ. ಅದೂ ಈಗ ನನ್ನ ಹಾಗೆಯೇ, ಕರೆದರೆ ಓ ಎನ್ನಲು ಐದು ನಿಮಿಷ ಬೇಕು. ಅಂಗಡಿಯವರು ತಿರುಪು ಬಿಚ್ಚಿ ಒಳಗೆ ಇಣುಕಿ, ಮೆಮೊರಿ ಸಾಲದು, ಇದಕ್ಕೆ ಹೊಂದುವಂಥದ್ದು ನಮ್ಮಲ್ಲೇ ಉಂಟು, ಹೆಚ್ಚೇನೂ ಆಗುವುದಿಲ್ಲ ಎಂದರು. ಆಮೇಲೆ ರೂಢಿಯ ಮಾತಿನಂತೆ ಕೇಳಿದರು:

“ಇದರಲ್ಲಿ ಅಳಿಸಿಹೋಗಬಾರದ್ದು ಎಂತಾದರೂ ಉಂಟಾ ಸರ್?”

ಮೆಮೊರಿ ಹಾಕಿದರೆ ಏನೂ ಅಳಿಸುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ನಾನು ಕರ್ಚೀಫು ತೆಗೆದು ಮುಖ ಒರೆಸಿಕೊಂಡೆ. ಮುದುಕನಿಗೆ ಸೆಕೆ ಆಗಿರಬೇಕೆಂದು ಅವರು ಫ್ಯಾನಿನ ಕೆಳಗೆ ಕುರ್ಚಿ ಎಳೆದುಕೊಟ್ಟರು. ಆ ಕುರ್ಚಿಯಲ್ಲಿ ಕುಳಿತು ನೆನೆದದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

ಎಂಬತ್ತರ ದಶಕದಲ್ಲಿ ನಾನು ಕಾಪುವಿನಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರನಾಗಿದ್ದೆ. ವಾಸ ಅಕ್ಕನ ಮನೆಯಲ್ಲಿ. ಭಾವ ದುಬೈಯ ಹೋಟೆಲೊಂದರಲ್ಲಿ ಸ್ಟೋರ್‌ಕೀಪರ್, ಎರಡು ವರ್ಷಕ್ಕೊಮ್ಮೆ ರಜೆ. ಅಕ್ಕನಿಗೆ ಧೈರ್ಯಕ್ಕೆ ಇದ್ದೇನೆ ಎಂದು ಊರಿಗೆಲ್ಲ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನ್ನನ್ನು ಅಲ್ಲಿ ಕಟ್ಟಿಹಾಕಿದ್ದು ಅವಳು ಮಾಡುವ ಬಂಗುಡೆ ಸಾರು.

ಒಂದು ರಜೆಯಲ್ಲಿ ಭಾವ ನನಗಾಗಿ ಕಂಪ್ಯೂಟರ್ ತಂದರು. ಪಾಠಪುಸ್ತಕದಷ್ಟು ದೊಡ್ಡದು. ಟಿವಿಗೆ ಜೋಡಿಸಬೇಕು. ಬರೆದದ್ದನ್ನು ಉಳಿಸಿಕೊಳ್ಳಲು ಮನೆಯ ಟೇಪ್‌ರೆಕಾರ್ಡರೇ ಗತಿ, ಮಾಮೂಲಿ ಕ್ಯಾಸೆಟ್ಟಿನ ಮೇಲೆ ಅದು ಕಿರುಚುತ್ತ ಕಿರುಚುತ್ತ ಬರೆದಿಡುತ್ತಿತ್ತು. ನಾನು ಮಾಡಹೊರಟದ್ದು ಹತ್ತನೆಯ ತರಗತಿಯ ಮೂರು ವಿಭಾಗಗಳ ಅಂಕಪಟ್ಟಿ. ಕೈಯಲ್ಲೇ ಬರೆದರೆ ಅರ್ಧ ದಿನದ ಕೆಲಸ ಎಂದು ಹೆಡ್‌ಮಾಸ್ತರರು ನಕ್ಕರು. ಆ ಅರ್ಧ ದಿನವನ್ನು ಉಳಿಸಲು ನಾನು ಆರು ತಿಂಗಳು ಕಳೆದೆ. ಎರಡು ವಿಭಾಗ ಸರಿಯಾಗಿ ಕೂರುತ್ತಿತ್ತು, ಮೂರನೆಯದನ್ನು ತುಂಬಲು ಹೊರಟರೆ ಜಾಗ ಮುಗಿಯಿತು ಎಂದು ಟಿವಿಯ ಮೇಲೆ ಬರೆಯುತ್ತಿತ್ತು. ಇದ್ದದ್ದು ಬರೇ ಹದಿನಾರು ಕೆ ಮೆಮೊರಿ.

ಉಡುಪಿಯಲ್ಲಿ ರೇಡಿಯೋ ರಿಪೇರಿಯ ಶೀನಣ್ಣ ಅದನ್ನು ಬಿಚ್ಚಿ ನೋಡಿದರು. ಒಳಗೆ ಎಂಟು ಖಾಲಿ ಸಾಕೆಟ್ಟು. ಎಂಟು ಚಿಪ್ ಹಾಕಿದರೆ ಹದಿನಾರು ನಲವತ್ತೆಂಟಾಗುತ್ತದೆ, ಆದರೆ ಎಂಟೂ ಒಂದೇ ಜಾತಿಯವು ಆಗಬೇಕು, ಬೆನ್ನ ಮೇಲಿನ ನಂಬರಿನ ಕೊನೆಯ ಅಕ್ಷರ ತಪ್ಪಿದರೂ ಕೆಲಸ ಕೆಟ್ಟಿತು ಎಂದು ಎಚ್ಚರಿಸಿದರು. ಬೆಂಗಳೂರಿನ ಅಂಗಡಿಯವರು ಬರೆದು ತಿಳಿಸಿದ ಬೆಲೆ ನನ್ನ ತಿಂಗಳ ಸಂಬಳವನ್ನು ಮೀರಿತ್ತು. ದುಬೈಯಲ್ಲಿ ಅಗ್ಗ. ಹೀಗೆ ಆ ತಲೆನೋವನ್ನು ಭಾವನ ಹೆಗಲಿಗೆ ಕಟ್ಟಿದೆ.

ಆಗ ನಮ್ಮಲ್ಲಿ ಫೋನ್ ಎಲ್ಲಿತ್ತು? ಕಾಗದ ಬರೆಯುವುದು ಭಾವನಿಗೆ ಆಗದ ಕೆಲಸ. ಅವರು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಬರುವ ಹೆಜಮಾಡಿಯ ಗೆಳೆಯನ ಕೈಯಲ್ಲಿ ಕಳಿಸುತ್ತಿದ್ದರು. ಮಾತೆಲ್ಲ ತುಳುವಿನಲ್ಲಿ, ಇಲ್ಲಿ ನಾನು ಕನ್ನಡ ಮಾಡಿದ್ದೇನೆ. ಮೊದಲು ಅಕ್ಕನಿಗೆ ಹೇಳುವ ಮಾತು. ಅವಳು ಟೇಪನ್ನು ಅಡುಗೆಕೋಣೆಗೆ ಒಯ್ದು ಬಾಗಿಲು ಅಡ್ಡ ಮಾಡಿ ಕೇಳುವಳು, ನಾನು ಜಗಲಿಯಲ್ಲಿ ಕೂರುವೆ. ಕೊನೆಗೆ ನನ್ನ ಪಾಲು ಬಂದಾಗ ಕರೆಯುವಳು. ಕೇಳಿ ಆದ ಮೇಲೆ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ತನ್ನ ಉತ್ತರ ಮಾತಾಡಿ ವಾಪಸು ಕಳಿಸುವಳು. ಗಂಡ ಹೆಂಡತಿಯ ಮಾತುಗಳು ಹೀಗೆ ಒಂದನ್ನೊಂದು ಅಳಿಸುತ್ತಲೇ ಸಮುದ್ರ ದಾಟುತ್ತಿದ್ದವು. ದನಿಯನ್ನು ಎತ್ತಿಡಬೇಕೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ, ಮಾತಾಡುವ ಮನುಷ್ಯನೇ ಇದ್ದನಲ್ಲ.

ಚಿಪ್ ಸಿಕ್ಕಿತೆಂಬ ಸುದ್ದಿಯೂ ಹಾಗೆಯೇ ಬಂತು. ಮೂರು ಅಂಗಡಿ ತಿರುಗಿ ಬೆಲೆ ಇಳಿಸಿದ್ದನ್ನು ಭಾವ ಹೆಮ್ಮೆಯಿಂದ ಹೇಳಿದ್ದರು. ಬರುವ ತಿಂಗಳು ತಾನೇ ತರುವುದಾಗಿಯೂ ಹೇಳಿದ್ದರು.

ಮರುದಿನ ಮುಸ್ಸಂಜೆ ನಾನು ಅಂಕಗಳನ್ನು ತುಂಬುತ್ತಿದ್ದಾಗ ದೀಪ ಎರಡು ಸಲ ಮಿಣುಕಿತು. ಕರೆಂಟು ಹೋದರೆ ಸಂಜೆಯ ಕೆಲಸವೆಲ್ಲ ನೀರುಪಾಲು. ಖಾಲಿ ಕ್ಯಾಸೆಟ್ಟು ಇರಲಿಲ್ಲ. ಟೇಪಿನೊಳಗೆ ಭಾವನ ಕ್ಯಾಸೆಟ್ಟು ಮೊದಲಿಗೆ ಸುತ್ತಿ ಕೂತಿತ್ತು. ನಮ್ಮ ಮನೆಯಲ್ಲಿ ಸುತ್ತಿಟ್ಟ ಕ್ಯಾಸೆಟ್ಟೆಂದರೆ ಕೇಳಿ ಮುಗಿಸಿದ್ದು, ಅಳಿಸಬಹುದಾದದ್ದು. ಅಕ್ಕ ಪೇಟೆಗೆ ಹೋಗಿದ್ದಳು. ಅವಳನ್ನು ಕೇಳಲಿಕ್ಕೆ ಅರ್ಧ ಗಂಟೆ ಕಾಯಬೇಕಿತ್ತು. ನಾನು ಗುಂಡಿ ಒತ್ತಿದೆ. ಒಂದು ಪ್ರತಿ ಕೈಕೊಟ್ಟರೆ ಇರಲಿ ಎಂದು ಮೂರು ಸಲ ಬರೆಸಿದೆ. ಎರಡೇ ಸಲ ಬರೆಸಿದ್ದರೆ ಎಷ್ಟು ಉಳಿಯುತ್ತಿತ್ತು ಎಂಬ ಲೆಕ್ಕವನ್ನು ಈ ಗಣಿತದ ಮಾಸ್ತರ ಅಂದಿನಿಂದ ಮಾಡುತ್ತಲೇ ಇದ್ದಾನೆ.

ಅದಾಗಿ ನಾಲ್ಕನೆಯ ದಿನ ಶಾಲೆಗೆ ತಂತಿ ಬಂತು. ಭಾವ ಸ್ಟೋರಿನಲ್ಲಿ ಅಕ್ಕಿಮೂಟೆಗೆ ಒರಗಿ ಕುಳಿತವರು ಮತ್ತೆ ಏಳಲಿಲ್ಲವಂತೆ. ಹೃದಯ. ದೇಹ ಊರಿಗೆ ಬರಲು ಎರಡು ವಾರ ಹಿಡಿಯಿತು.

ಉತ್ತರಕ್ರಿಯೆಯ ದಿನದ ಬೊಜ್ಜದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅಕ್ಕ ನನ್ನನ್ನು ಕರೆದು, ಆ ಕ್ಯಾಸೆಟ್ಟು ಹಾಕು, ಅವರ ಸ್ವರ ಒಮ್ಮೆ ಕೇಳುತ್ತೇನೆ ಎಂದಳು. ಹಾಕಿದೆ. ಕಿರುಚಾಟ, ಬರೇ ಕಿರುಚಾಟ. ಅದು ನಿಲ್ಲುವ ಹೊತ್ತಿಗೆ ಅಕ್ಕನಿಗೆ ಹೇಳಿದ ಮಾತೆಲ್ಲ ಮುಗಿದಿತ್ತು. ಉಳಿದದ್ದು ನನ್ನ ಪಾಲು, ಅದರಲ್ಲೂ ಅರ್ಧ. ಗಂಡನ ದನಿಯೆಂದು ಅವಳಿಗೆ ಉಳಿದದ್ದು ಚಿಪ್ಪಿನ ನಂಬರು ಮತ್ತು ಚೌಕಾಸಿಯ ಕತೆ. ಉಪ್ಪುಗಾಳಿಗೆ ಟೇಪು ಹಾಳಾಗಿದೆ ಅಕ್ಕಾ ಎಂದೆ. ಅವಳು ಎದ್ದು ಒಳಗೆ ಹೋದಳು. ಆ ಸುಳ್ಳಿಗಾಗಿ ನನ್ನ ಮೇಲೆ ನನಗೆ ಹುಟ್ಟಿದ ಅಸಹ್ಯ ಇಂದಿಗೂ ಹೋಗಿಲ್ಲ.

ದೇಹದೊಂದಿಗೆ ಬಂದ ಭಾವನ ಟ್ರಂಕಿನಲ್ಲಿ, ಪೌಡರಿನ ಡಬ್ಬಿಯೊಳಗೆ, ಕಪ್ಪು ಸ್ಪಂಜಿಗೆ ಚುಚ್ಚಿದ ಎಂಟು ಚಿಪ್ ಇದ್ದವು. ವರ್ಷದ ಮೇಲೆ ಶೀನಣ್ಣನಲ್ಲಿ ಹಾಕಿಸಿದೆ. ಹೊಂದದೆ ಇರಲಿ ಎಂದು ಒಳಗೊಳಗೇ ಹರಕೆ ಹೊತ್ತಿದ್ದೆ. ಎಂಟೂ ಹೊಂದಿದವು. ಮೂರು ವಿಭಾಗದ ಅಂಕವೂ ಕೂತಿತು. ಅಂದೇ ಆ ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ, ಅಂಕಪಟ್ಟಿಯನ್ನು ಕೈಯಲ್ಲೇ ಬರೆದೆ.

ಆ ಕ್ಯಾಸೆಟ್ಟಿನಲ್ಲಿ ಉಳಿದಿದ್ದ ಎರಡು ನಿಮಿಷ ಈಗ ಈ ಲ್ಯಾಪ್‌ಟಾಪಿನಲ್ಲಿದೆ. ಅಂಗಡಿಯವರಿಗೆ, ಹೌದು, ಒಂದು ಉಂಟು ಎಂದೆ. ಅವರು ಅದನ್ನು ಬೇರೆ ಕಡೆ ನಕಲು ಮಾಡಿಕೊಂಡ ಮೇಲೆಯೇ ಹೊಸ ಮೆಮೊರಿಗೆ ಕೈಹಾಕಿದರು. ಎಷ್ಟು ಸುಲಭ ನೋಡಿ, ಕೇಳಿದರಾಯಿತು. ನಾನು ಮನೆಯ ಬಸ್ಸು ಬಿಟ್ಟು ಕಾಪುವಿನ ಬಸ್ಸು ಹತ್ತಿದೆ.

ಅಕ್ಕ ಹಲಸಿನ ಬೀಜ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು, ಅದು ಉಪ್ಪುಗಾಳಿಯಿಂದ ಹಾಳಾದದ್ದಲ್ಲ, ನಾನೇ ಅಳಿಸಿದ್ದು ಎಂದೆ. ಅವಳ ಕೈ ನಿಲ್ಲಲಿಲ್ಲ.

“ದಿನಾ ಸಂಜೆ ಆ ಕಿರುಚಾಟ ಕೇಳಿದವಳು ನಾನು. ನನಗೆ ಗೊತ್ತಾಗದೆ ಇರ್ತದಾ ಮಾರಾಯ? ನೀನಾಗಿ ಹೇಳ್ತೀಯಾ ಅಂತ ನೋಡಿದೆ.”

ನಾನೂ ಒಂದು ಬೀಜ ತೆಗೆದುಕೊಂಡು ಸುಲಿಯತೊಡಗಿದೆ. ಸುಲಿಯುತ್ತಲೇ, ಭಾವ ಅದರಲ್ಲಿ ನಿನಗೆ ಎಂತ ಹೇಳಿದ್ದರು ಎಂದು ಕೇಳಿದೆ. ಇಷ್ಟು ವರ್ಷ ಕೇಳಲು ಧೈರ್ಯ ಬಾರದ ಪ್ರಶ್ನೆ ಅದು.

“ಗಂಜಿ ಉಕ್ಕಿತು ಅಂತ ನಡುವಲ್ಲಿ ಒಲೆಯ ಹತ್ತಿರ ಎದ್ದು ಹೋಗಿದ್ದೆ, ಅಷ್ಟರಲ್ಲಿ ಟೇಪು ನಿನ್ನ ಪಾಲಿಗೆ ಬಂದಿತ್ತು,” ಎಂದಳು ಅಕ್ಕ. “ಆದಿತ್ಯವಾರ ಕೂತು ಸರಿಯಾಗಿ ಕೇಳುವಾ ಅಂತ ಸುತ್ತಿ ಇಟ್ಟದ್ದು.”

ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಇದ್ದದ್ದನ್ನು ಹಾಕು ಎಂದಳು. ಭಾವನ ದನಿ ಮಾತಿನ ನಡುವಿನಿಂದ ಶುರುವಾಯಿತು. ಎಂಟನ್ನೂ ನಾನೇ ಒಂದೊಂದಾಗಿ ನೋಡಿ ತೆಗೆದುಕೊಂಡಿದ್ದೇನೆ, ಎಲ್ಲ ಒಂದೇ ಜಾತಿಯದ್ದು, ಹೊಂದದಿದ್ದರೆ ಬದಲಿಸಿ ಕೊಡುತ್ತಾರಂತೆ.

ಅಕ್ಕ ಇನ್ನೊಮ್ಮೆ ಹಾಕಲು ಹೇಳಿದಳು. ಹಾಕಿದೆ. ಒಲೆಯ ಮೇಲೆ ಏನೂ ಇರಲಿಲ್ಲ.