ತೋಂಟೇಶನ ಸ್ವಿಚ್ಚು

ಬೈಕಿನ ಸೈಡ್ ಬಾಕ್ಸಿನೊಳಗೆ ಸ್ಪೀಕರ್ ಕೂರಿಸುವವರು ಕಾಶಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಜಂಗಮವಾಡಿಯ ನಮ್ಮ ತೋಂಟೇಶನ ಪ್ರಕಾರ ಅವರ ಕೆಲಸವೆಲ್ಲ ತಗಡಿನ ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂತೆ. ಸೋನಾರ್‌ಪುರದ ನನ್ನ ಅಂಗಡಿಯಿಂದ ಸ್ಪೀಕರ್ ಒಯ್ಯುವ ಮುನ್ನ ಅದನ್ನು ಕಲ್ಲಂಗಡಿಯಂತೆ ತಟ್ಟಿ, ನನ್ನನ್ನೇ ಅನುಮಾನದಿಂದ ನೋಡುತ್ತಾನೆ. ಬಾಕ್ಸು ಇನ್ನಷ್ಟು ಅಗಲ ಮಾಡು ಎಂದು ನಾನು ಹೇಳಿದರೆ, "ಗಲ್ಲಿಯೊಳಗ ಗೂಳಿ ಎದುರು ಬಂದ್ರ ಯಾರು ಹಿಂದ ಸರೀಬೇಕ್ರಿ ಅಣ್ಣಾರ, ನೀವಾ?" ಎನ್ನುತ್ತಾನೆ. ಹಾಡು ಹಚ್ಚಿ, ಗಾಳಿ ಎಲ್ಲಿ ಸೋರುತ್ತದೆಂದು ತಿಳಿಯಲು ಪ್ಲೈವುಡ್ಡಿನ ಸಂದುಗಳ ಸುತ್ತ ಊದಿನಕಡ್ಡಿ ಸುಳಿಸುತ್ತಾನೆ. ಗಿರಾಕಿಗಳು ಆರತಿಯೆಂದು ಕೈ ಮುಗಿಯುತ್ತಾರೆ, ಇವನು ಬೇಡ ಎನ್ನುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಚೌಕಾಸಿಯಿಲ್ಲ: ಸವಾರನ ಎಡ ಮೊಣಕಾಲಿಗೆ ಸಿಗುವಂತೆ ಒಂದು ಸ್ವಿಚ್ಚು ಇರಲೇಬೇಕು, ಒತ್ತಿದರೆ ಹಾಡು ತಟ್ಟನೆ ನಿಲ್ಲಬೇಕು. "ಹೆಣ ಎದುರು ಬಂದಾಗ ಫೋನ್ ಹುಡುಕ್ಕೋತ ನಿಂದರಬಾರದ್ರಿ." ಸ್ವಿಚ್ಚಿನಿಂದ ಬೈಕಿನ ಅಂದ ಕೆಡುತ್ತದೆಂದ ಹೊಳೆಯಾಚೆಯ ರಾಮನಗರದ ಮದುವೆ ಬ್ಯಾಂಡಿನವರ ಅಷ್ಟೂ ಬೈಕುಗಳನ್ನು ವಾಪಸ್ ಕಳಿಸಿದ, ಅವರಿಗೆಂದು ತರಿಸಿದ್ದ ಸ್ಪೀಕರ್‌ಗಳು ನನ್ನ ಕಪಾಟಿನಲ್ಲೇ ಉಳಿದವು. "ನಿನ್ನ ಸ್ವಿಚ್ಚಿನ ಸಲುವಾಗಿ ನನ್ನ ಅಂಗಡಿ ಮುಚ್ತದಲೇ" ಎಂದು ಬೈದಿದ್ದೆ. ಮೊನ್ನೆ ಚೈತ್ರದಲ್ಲಿ ಅವ್ವನನ್ನು ಹೊತ್ತು ಅದೇ ಅಂಗಡಿಯ ಮುಂದೆ ಹಾದು ಮಸಣದ ಘಾಟಿಗೆ ನಡೆದೆವು. ಎದುರಿಗೆ ಒಂದು ಬೈಕು ಹಾಡು ಅಬ್ಬರಿಸುತ್ತ ಬಂತು. ಸವಾರನ ಕೈ ಹ್ಯಾಂಡಲ್ ಬಿಡಲಿಲ್ಲ, ಮೊಣಕಾಲು ಒಳಕ್ಕೆ ಸರಿಯಿತು, ರಸ್ತೆಯೆಲ್ಲ ಸುಮ್ಮನಾಯಿತು. ನನ್ನ ಪಕ್ಕದಲ್ಲಿ ಹೆಗಲು ಕೊಟ್ಟಿದ್ದ ತೋಂಟೇಶ ತಲೆ ಎತ್ತದೆಯೇ, "ನಮ್ಮ ಕೆಲಸ ರೀ ಅಣ್ಣಾರ" ಎಂದ. ಅಳುತ್ತಲೇ ನಾನೆಂದೆ: "ಸ್ಪೀಕರ್ ನಮ್ಮ ಅಂಗಡೀದಲೇ."