ತಿಮ್ಮಪ್ಪ ಮೇಸ್ತ್ರಿ ಇಳಿಸಿದ ಬಿಸಿಲು

ಮೊನ್ನೆ ಕಳಸದ ಹತ್ತಿರದ ಕಾಫಿ ತೋಟವೊಂದರಲ್ಲಿ ನಮ್ಮ ಚಿತ್ರೀಕರಣವಿತ್ತು. ಕ್ಯಾಮೆರಾಕ್ಕೆ ಅಡ್ಡ ಬಂದಿದ್ದ ಅತ್ತಿಯ ರೆಂಬೆಯೊಂದನ್ನು ತೋಟದವರು ಕತ್ತಿಯಿಂದ ಸವರಿ ನನ್ನ ಕಾಲ ಬಳಿ ಹಾಕಿದರು. ಕಡಿದ ಜಾಗದಲ್ಲಿ ಹಾಲು ಜಿನುಗಿ ಒಗರು ವಾಸನೆ ಮೂಗಿಗೆ ಬಡಿಯಿತು. ಅತ್ತಿಯ ಹಾಲಿನ ವಾಸನೆಗೆ ಯಾರಾದರೂ ನಾಚಿಕೊಳ್ಳುತ್ತಾರೆಯೇ? ನಾನು ನಾಚಿಕೊಂಡೆ. ಯಾಕೆಂದು ಹೇಳುತ್ತೇನೆ, ದಾರಿ ಸ್ವಲ್ಪ ಸುತ್ತು, ಜೊತೆಗೆ ಬನ್ನಿ.

ನಾನು ಛಾಯಾಗ್ರಾಹಕ, ಊರು ಗೋಣಿಬೀಡು. ನಮ್ಮ ಕಡೆ ಛಾಯಾಗ್ರಾಹಕ ಎಂದರೆ "ಮದುವೆ ಫೋಟೋನಾ?" ಎನ್ನುತ್ತಾರೆ. ಅಲ್ಲ, ಸಿನಿಮಾ ಎಂದರೆ "ಯಾವ ಪಾರ್ಟು?" ಎನ್ನುತ್ತಾರೆ. ನಮ್ಮ ಸೋದರತ್ತೆಯಂತೂ ನನ್ನ ಮೂರು ಸಿನಿಮಾಗಳನ್ನು ಕಣ್ಣು ಮಿಟುಕಿಸದೆ ನೋಡಿ, "ನೀನು ಎಲ್ಲೂ ಕಾಣಲೇ ಇಲ್ವಲ್ಲೋ" ಎಂದು ಬೇಸರಪಟ್ಟಿದ್ದರು. ಕಾಣದಿರುವುದೇ ನಮ್ಮ ಕಸುಬಿನ ಮರ್ಯಾದೆ ಎಂದು ಅವರಿಗೆ ಹೇಗೆ ಹೇಳುವುದು?

ಆದರೆ ನನ್ನ ಮೊದಲ ಸಿನಿಮಾದ ಹೊತ್ತಿಗೆ ನಾನು ಕಾಣಲು ಬಹಳ ಹಾತೊರೆಯುತ್ತಿದ್ದೆ. ಕುತ್ತಿಗೆಗೆ ಬೆಳಕಳೆಯುವ ಮೀಟರು, ತಲೆಗೆ ಟೋಪಿ, ಸೂರ್ಯ ನನ್ನ ಸಂಬಳದ ಆಳು ಎಂಬಂಥ ಗತ್ತು. ಮಲ್ಲಂದೂರಿನ ಬಳಿಯ ಕಾಫಿ ಎಸ್ಟೇಟೊಂದರಲ್ಲಿ ಚಿತ್ರೀಕರಣ. ಕೊಯ್ಲಿನ ಕಾಲ, ಗಿಡದ ತುಂಬ ಕೆಂಪು ಹಣ್ಣು. ನಾಯಕಿ ಎರಡು ಸಾಲುಗಳ ನಡುವೆ ಒಂದು ನಿಮಿಷ ನಡೆದು ಬರಬೇಕು; ನಡೆಯುತ್ತಲೇ ಅವಳ ಮನಸ್ಸು ಬದಲಾಗಬೇಕು. ಅವಳು ಚೆನ್ನಾಗಿಯೇ ನಡೆದಳು. ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಮಾತ್ರ ಅವಳ ಮುಖವನ್ನೆಲ್ಲ ಮಚ್ಚೆ ಮಚ್ಚೆ ಮಾಡಿತು. ಮೇಲೆ ಬಿಳಿ ಬಟ್ಟೆ ಕಟ್ಟಿ ನೋಡಿದೆ. ಅವಳು ನಾಲ್ಕು ಹೆಜ್ಜೆ ಇಟ್ಟರೆ ಬಟ್ಟೆ ಹಿಂದೆ ಉಳಿಯುತ್ತಿತ್ತು.

"ನಾಯಕಿನ ತೋರಿಸ್ತೀಯೋ ಚಿರತೆನ ತೋರಿಸ್ತೀಯೋ?" ಎಂದರು ನಿರ್ದೇಶಕರು. "ಇವತ್ತು ಸಂಜೆಯೊಳಗೆ ಆಗದಿದ್ರೆ ನಾಳೆ ಬೇರೆ ಕ್ಯಾಮೆರಾಮನ್ ಬರ್ತಾನೆ."

ತಲೆಯೆತ್ತಿ ನೋಡಿದೆ. ಅತ್ತಿಯ ದೊಡ್ಡ ಕೊಂಬೆಯೊಂದು ಇಡೀ ಸಾಲಿನ ಮೇಲೆ ಚಾಚಿಕೊಂಡಿತ್ತು. ಅದನ್ನು ಕಡಿಸಿದರೆ ಒಂದೇ ಸಮನೆ ಬಿಸಿಲು ಬೀಳುತ್ತದೆ ಎಂದು ಲೆಕ್ಕ ಹಾಕಿದೆ. ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ತೆಗೆದು ಗಿಡಗಳಿಗೆ ಬೇಕಾದಷ್ಟೇ ಬಿಸಿಲು ಬಿಡುವ ಕೆಲಸ, ಅಲ್ಲಿ ತಿಮ್ಮಪ್ಪ ಮೇಸ್ತ್ರಿಯದು. ಐವತ್ತು ದಾಟಿದ, ಒಣಗಿದ ಬೇರಿನಂಥ ಮನುಷ್ಯ. ಅವರನ್ನು ಕೇಳಿದೆ.

"ಆಗೋದಿಲ್ಲ ಮಾರಾಯ್ರೆ," ಎಂದರು. "ಹಣ್ಣು ತುಂಬಿದೆ. ಆ ಕೊಂಬೆ ಬಿದ್ರೆ ಕೆಳಗಿನ ಹತ್ತು ಗಿಡ ಮುರೀತವೆ. ಉಳಿದವು ಬೇಸಿಗೇಲಿ ಸುಟ್ಟು ಹೋಗ್ತವೆ."

ನಾನು ಅವರೊಂದಿಗೆ ವಾದಿಸಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ: ನೇರ ತೋಟದ ಸಾಹುಕಾರರ ಬಂಗಲೆಗೆ ಹೋದೆ. ಸಿನಿಮಾದವರೆಂದರೆ ಅವರಿಗೆ ಪ್ರೀತಿ. ಕಡಿದುಕೊಡಲು ತೋಟದ ಲೆಕ್ಕ ಬರೆಯುವ ರೈಟರ ಕೈಯಲ್ಲಿ ಹೇಳಿ ಕಳಿಸಿದರು.

ತಿಮ್ಮಪ್ಪ ಮೇಸ್ತ್ರಿ ಕೇಳಿಸಿಕೊಂಡರು. ಮರ ಹತ್ತುವ ಆಳನ್ನು ಕರೆಯುತ್ತಾರೆಂದುಕೊಂಡರೆ ತಾವೇ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿ ಬಿದಿರಿನ ಏಣಿಗೆ ಕಾಲಿಟ್ಟರು. ಹಣ್ಣು ಕೊಯ್ಯುತ್ತಿದ್ದ ಗಿರಿಜಕ್ಕ ಬುಟ್ಟಿ ಬಿಟ್ಟು ಓಡಿಬಂದರು.

"ಮೇಸ್ತ್ರಿ, ಇಳೀರಿ! ಬೇಡಿ!" ಎಂದು ಕೂಗಿ ನನ್ನತ್ತ ತಿರುಗಿದರು. "ಹಲಸಿನ ಮರದಿಂದ ಬಿದ್ದು ಮಂಡಿ ಮುರಿದಿದ್ದು ಅವ್ರಿಗೆ. ಐದು ವರ್ಷ ಆಯ್ತು, ಮರ ಮುಟ್ಟಿಲ್ಲ. ನಿಮಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಅಷ್ಟರಲ್ಲಿ ಅವರು ಏಣಿ ದಾಟಿ ಕೊಂಬೆಯ ಮೇಲಿದ್ದರು. ಅವರು ದೊಡ್ಡ ಕೊಂಬೆಯ ತಂಟೆಗೆ ಹೋಗಲಿಲ್ಲ. ಅದರ ತುದಿಯ ಗೊಂಚಲುಗಳಲ್ಲಿ ಇಲ್ಲೊಂದು ಚಿಗುರು, ಅಲ್ಲೊಂದು ಕಡ್ಡಿ ಸವರುತ್ತ, ನಡುನಡುವೆ ಕೆಳಗೆ ಬಗ್ಗಿ ನೆಲದ ಬಿಸಿಲನ್ನು ನೋಡುತ್ತ ಹೋದರು. ಮುಕ್ಕಾಲು ಗಂಟೆ. ಕೆಳಗೆ ಬಿದ್ದದ್ದು ಒಗರು ಹಾಲು ಜಿನುಗುವ ಒಂದು ಹೊರೆ ಸೊಪ್ಪು, ಅಷ್ಟೆ. ಒಂದು ಹಣ್ಣೂ ಉದುರಲಿಲ್ಲ. ಮಚ್ಚೆ ಮಚ್ಚೆಯಾಗಿದ್ದ ಬಿಸಿಲು ಜರಡಿ ಹಿಡಿದ ಹಿಟ್ಟಿನಂತೆ ಸಣ್ಣಗೆ, ಸಮನಾಗಿ ಸಾಲಿನುದ್ದಕ್ಕೂ ಹರಡಿತ್ತು.

ನಾಯಕಿ ನಡೆದುಬಂದಳು. ಒಂದೇ ಟೇಕು. ಚಿತ್ರ ಬಿಡುಗಡೆಯಾದಾಗ ಎಲ್ಲರೂ ಹೊಗಳಿದ್ದು ಆ ಒಂದು ನಿಮಿಷವನ್ನೇ. ಹೊಗಳಿಕೆಯನ್ನು ನಾನು ಒಂದಿಷ್ಟೂ ಬಿಡದೆ ಸ್ವೀಕರಿಸಿದೆ. ಮುಂದೆ ನನ್ನ ಕೆಲಸವೆಲ್ಲ ಆ ಮರದ ಕೆಳಗೆ ಕಲಿತದ್ದರ ಮೇಲೆಯೇ ನಡೆಯಿತು. ದೀಪ ಹಚ್ಚುವುದಕ್ಕೆ ಮೊದಲು ಏನನ್ನು ತೆಗೆಯಬಹುದೆಂದು ನೋಡುತ್ತೇನೆ. ಇದರಲ್ಲಿ ನಾನು ಒಳ್ಳೆಯ ಕೆಲಸಗಾರ. ವಿನಯಕ್ಕಾಗಿ ಸುಳ್ಳು ಹೇಳಲಾರೆ. ಆದರೆ ಅವರ ಮುಂದೆ ನಿಂತು ತಪ್ಪಾಯಿತು ಎನ್ನುವ ಕೆಲಸ ಮಾತ್ರ ಇಷ್ಟು ವರ್ಷ ಬಾಕಿ ಉಳಿದಿತ್ತು.

ಕಳಸದಲ್ಲಿ ಆ ಅತ್ತಿಯ ರೆಂಬೆ ಸವರಿದ ಮರುದಿನ ಚಿತ್ರೀಕರಣಕ್ಕೆ ಬಿಡುವು. ವಿಚಾರಿಸಿದೆ, ಮೇಸ್ತ್ರಿ ವಸ್ತಾರೆಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ತಿಳಿಯಿತು. ಹೋದಾಗ ಅಂಗಳದಲ್ಲಿ ಕೂತು ಕಾಳುಮೆಣಸು ಹರವುತ್ತಿದ್ದರು. ನನ್ನ ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಓ, ಚಿರತೆ ಸಿನಿಮಾದವ್ರು!" ಎಂದು ನಕ್ಕರು.

ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಹೇಳಿದೆ: ನಿಮ್ಮ ಮಾತು ಮೀರಿ ಸಾಹುಕಾರರ ಹತ್ತಿರ ಹೋದೆ, ಆ ಮಂಡಿ ಇಟ್ಟುಕೊಂಡು ಮರ ಹತ್ತುವ ಹಾಗೆ ಮಾಡಿದೆ, ತಪ್ಪಾಯಿತು.

ಅವರು ಮೆಣಸಿನಿಂದ ಕೈ ತೆಗೆದರು. "ಸಾಹುಕಾರ್ರ ಹತ್ರ ಹೋಗಿದ್ದು ತಪ್ಪೇ," ಎಂದರು. "ಆದ್ರೆ ಮರ ಹತ್ತಿಸಿದ್ದು ನೀವಲ್ಲ ಮಾರಾಯ್ರೆ. ಐದು ವರ್ಷ ಕೆಳಗೆ ನಿಂತು ಕೋಲು ತೋರ್ಸಿ ತೋರ್ಸಿ ಸಾಕಾಗಿತ್ತು ನಂಗೆ. ಎಲ್ರೂ ಬೇಡ ಬೇಡ ಅನ್ನೋರೇ. ಅವತ್ತು ಒಂದು ನೆಪ ಸಿಕ್ತು, ಹತ್ತಿಬಿಟ್ಟೆ. ಮೇಲೆ ಹೋದ್ಮೇಲೆ ಮಂಡಿ ನೆನಪೇ ಆಗ್ಲಿಲ್ಲ."

ಕಳಸಕ್ಕೆ ಮರಳುವಾಗ ಅವರ ಕೋಲಿನ ಮಾತೇ ಕಿವಿಯಲ್ಲಿತ್ತು. ನಿಮಗೆ ಹೇಳದ ಒಂದು ವಿಷಯವಿದೆ. ಬೆನ್ನು ನೋವು ಬಂದಮೇಲೆ, ನಾಲ್ಕು ವರ್ಷದಿಂದ ನಾನು ಕ್ಯಾಮೆರಾ ಹೊತ್ತಿಲ್ಲ. ಕೊಡೆಯ ಕೆಳಗೆ ಮಾನಿಟರಿನ ಮುಂದೆ ಕೂತು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತೇನೆ; ಹೊತ್ತು ಓಡಾಡುವವಳು ನನ್ನ ಸಹಾಯಕಿ.

ಮರುದಿನ ಬೆಳಿಗ್ಗೆ ನಟಿ ಇಳಿಜಾರಿನಲ್ಲಿ ಓಡಿ ಬರುವ ದೃಶ್ಯ. ನಾನು ಕುರ್ಚಿಯಿಂದ ಎದ್ದು ಸಹಾಯಕಿಯ ಮುಂದೆ ಕೈ ಚಾಚಿದೆ.

"ಸರ್, ನಿಮ್ಮ ಬೆನ್ನು?"

"ಅದು ನನ್ನ ಹತ್ರಾನೇ ಇರ್ಲಿ. ಕ್ಯಾಮೆರಾ ಕೊಡಮ್ಮ."

ಹೆಗಲ ಮೇಲೆ ಭಾರ ಕೂತಿತು. ಕ್ಯಾಮೆರಾದ ಕಿಂಡಿಗೆ ಕಣ್ಣು ಒತ್ತಿದೆ. ನಟಿ ಓಡಿ ಬಂದಳು. ನಾನು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತ, ಅವಳ ಉಸಿರಿಗೆ ನನ್ನ ಉಸಿರು ಸೇರಿಸುತ್ತ ಇಳಿಜಾರು ಇಳಿದೆ. ನಿರ್ದೇಶಕರು ಎರಡು ಸಲ "ಕಟ್" ಎಂದರಂತೆ. ನನಗೆ ಕೇಳಿಸಲಿಲ್ಲ.