ಮಿಂಚಕ್ಕನ ಬೆನ್ನಿಗಿದ್ದ ನಿಂಬೆಹಣ್ಣು

ದೊಡ್ಡನೆಕ್ಕುಂದಿಯ ಮುಚ್ಚಿದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಬೆಳಕು ಇನ್ನೂ ಸರಿಯಾಗಿ ಬಿದ್ದಿಲ್ಲ. ಹಲಸೂರಿನ ಮುನಿರಾಜಪ್ಪ ಆಗಲೇ ಹಗ್ಗಕ್ಕೆ ಜೋತುಬಿದ್ದು ತೂಗಾಡುತ್ತಿದ್ದಾರೆ. ಟೀವಿ ಧಾರಾವಾಹಿಗಳಲ್ಲಿ ಹಾರುವವರನ್ನು ಹಾರಿಸುವುದು ಇವರ ಕಸುಬು. ಯಾರ ನಡುವಿಗೇ ಕಟ್ಟಲಿ, ಹಗ್ಗಕ್ಕೆ ಮೊದಲು ಜೋತುಬೀಳುವವರು ಇವರೇ. "ಮುದ್ದೆ ತಿನ್ನೋ ಈ ಮೈಯನ್ನೇ ತಡ್ಕೊಂಡ್ರೆ, ಮೊಸರನ್ನ ತಿನ್ನೋ ಹೀರೊಯಿನ್ ಏನು ಮಹಾ?" ಎಂದು ನಗುತ್ತಾರೆ. ಆದರೆ ಯಾರಾದರೂ 'ಮಿಂಚಕ್ಕ' ಅಂದರೆ ಸಾಕು, ನಗು ಅಲ್ಲೇ ಇಂಗಿ ಕಣ್ಣು ನೆಲ ನೋಡುತ್ತದೆ.

ತೊಂಬತ್ತರ ದಶಕದ ಕೊನೆಯಲ್ಲಿ ಮಕ್ಕಳು ಆಟ ಬಿಟ್ಟು ಬಂದು ನೋಡುತ್ತಿದ್ದ ಧಾರಾವಾಹಿ ಅದು. ಬೆಳ್ಳಿ ಉಡುಪಿನ ಮಿಂಚಕ್ಕ ಮೋಡ ಸೀಳಿಕೊಂಡು ಬಂದು ಕಳ್ಳರನ್ನು ಹಿಡಿಯುತ್ತಿದ್ದಳು. ಆ ಮೋಡ ಶಿವಾಜಿನಗರದ ಹಾಸಿಗೆ ಅಂಗಡಿಯ ಹತ್ತಿ. ಬಿರುಗಾಳಿ, ಮದುವೆ ಛತ್ರದಿಂದ ತಂದ ಪೆಡೆಸ್ಟಲ್ ಫ್ಯಾನು. ಹಾರುತ್ತಿದ್ದವಳೂ ನಾಯಕಿಯಲ್ಲ, ಅವಳ ಡೂಪ್ ಜಹನಾರಾ. ಹಗ್ಗದ ಇನ್ನೊಂದು ತುದಿಯಲ್ಲಿ ಮುನಿರಾಜಪ್ಪ.

ಹಾರುವ ಮುಂಚೆ ಹಗ್ಗಕ್ಕೆ ಕುಂಕುಮ ಇಡಬೇಕು. ಹಾರುವವರ ಬೆಲ್ಟಿಗೆ, ಬೆನ್ನ ಕಡೆ, ನಿಂಬೆಹಣ್ಣು-ಹಸಿಮೆಣಸಿನಕಾಯಿ ಕಟ್ಟಬೇಕು, ದೃಷ್ಟಿ ತಾಗದಿರಲೆಂದು. ಕ್ಯಾಮೆರಾ ಓಡುವ ಮೊದಲು ಮರೆಯದೆ ಬಿಚ್ಚಬೇಕು. ಮಿಂಚಕ್ಕ ಕೋಟೆಯ ಮೇಲೆ ಹಾರುವ ಎಪಿಸೋಡಿನ ದಿನ ಬಿಸಿಲು ಇಳಿಯುತ್ತಿತ್ತು. ಬಾಡಿಗೆ ಕ್ರೇನಿನವನು ಹೊರಡುವ ಅವಸರದಲ್ಲಿದ್ದ. ನಿರ್ದೇಶಕ "ಎಳೀರೋ!" ಎಂದು ಕೂಗಿದ, ಮುನಿರಾಜಪ್ಪ ಎಳೆದರು. ಮಿಂಚಕ್ಕ ಹಾರಿದಳು, ಹಿಂದೆಯೇ ನಿಂಬೆಹಣ್ಣೂ ಹಾರಿತು. ಗೊತ್ತಾಗುವಷ್ಟರಲ್ಲಿ ಕ್ರೇನು ಗೇಟು ದಾಟಿತ್ತು. ಬೇರೆ ದಾರಿಯಿಲ್ಲದೆ ಅದೇ ಶಾಟ್ ಟೀವಿಯಲ್ಲಿ ಬಂತು.

ಆಮೇಲೆ ಸೆಟ್ಟಿನವರೆಲ್ಲ ಜಹನಾರಾಳನ್ನು 'ನಿಂಬೂರಾಣಿ' ಎಂದು ಕರೆಯತೊಡಗಿದರು. "ತಪ್ಪು ನಂದು, ಅಡ್ಡಹೆಸರು ಅವ್ಳಿಗೆ," ಎನ್ನುತ್ತಾರೆ ಮುನಿರಾಜಪ್ಪ. "ಒಂದ್ಸಲ ಮೇಲಿಂದ ಇಳಿಸ್ದಾಗ ಅಳ್ತಿದ್ಳು. ಯಾಕಮ್ಮ ಅಂದೆ. ಕಣ್ಣಿಗೆ ಧೂಳು ಬಿತ್ತಣ್ಣ ಅಂದ್ಳು. ಧೂಳಲ್ಲ ಅಂತ ನಂಗೂ ಗೊತ್ತು. ಆದ್ರೂ ಹೌದಮ್ಮ ಅಂದು ಹಗ್ಗ ಸುತ್ಕೊಂಡು ಕೂತೆ ಸಾರ್."

ಈ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಆ ಧಾರಾವಾಹಿ ಮರುಪ್ರಸಾರವಾಗುತ್ತಿದೆ. ಹೆಂಡತಿ ಮಂಜುಳಮ್ಮನಿಗೆ ಹಿಗ್ಗೋ ಹಿಗ್ಗು. ಕಳೆದ ಭಾನುವಾರ ಬೀದಿಯವರನ್ನೆಲ್ಲ ಕರೆದು ಟೀವಿ ಮುಂದೆ ಕೂರಿಸಿದರು. ಅವತ್ತು ಬರುವುದು ಕೋಟೆಯ ಎಪಿಸೋಡು ಎಂಬುದು ಮುನಿರಾಜಪ್ಪನವರೊಬ್ಬರಿಗೇ ಗೊತ್ತು. ಸರಿಯಾಗಿ ಶುರುವಾಗುವ ಹೊತ್ತಿಗೆ ಕರೆಂಟು ಹೋಯಿತು.

"ಪಕ್ಕದ ಮನೇಲಿ ಫ್ಯಾನ್ ತಿರುಗ್ತಿದೆ, ನಮ್ಮನೇಲಿ ಮಾತ್ರ ಇಲ್ಲ! ನೋಡಿದ್ರೆ ಫ್ಯೂಸು ಇವ್ರ ಜೇಬಲ್ಲಿ!" ಮಂಜುಳಮ್ಮನಿಗೆ ಈಗಲೂ ಸಿಟ್ಟು ಇಳಿದಿಲ್ಲ. "ಅಲ್ರೀ, ಕರ್ದಿರೋ ಜನರ ಮುಂದೆ ಮಾನ ಕಳೀತೀರಲ್ಲ ಅಂದೆ. ಮಾನ ಉಳಿಸ್ಕೊಳ್ಳೋಕೇ ಕಣೇ ಅಂದ್ರು."

ಫ್ಯೂಸು ಹಾಕಿದರು. ಕೋಟೆ ಬಂತು, ಮಿಂಚಕ್ಕ ಬಂದಳು, ನಿಂಬೆಹಣ್ಣೂ ಬಂತು. "ಏನ್ ಮುನಿರಾಜಣ್ಣ, ಮಿಂಚಕ್ಕ ಏನು ಶೋರೂಮಿಂದ ಈಗ ತಾನೇ ಇಳಿಸಿರೋ ಲಾರಿನಾ?" ಎಂದ ಎದುರುಮನೆಯ ಪಿಳ್ಳಪ್ಪ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. "ಆ ಹುಡುಗಿಗಾದ್ರೂ ಬುದ್ಧಿ ಬೇಡ್ವಾ?" ಎಂದು ಯಾರೋ ಅಂದರು. ಬಾಗಿಲ ಮರೆಯಲ್ಲಿದ್ದ ಮುನಿರಾಜಪ್ಪ ಮುಂದೆ ಬಂದರು.

"ಕಟ್ಟಿದ್ದು ನಾನು. ಬಿಚ್ಚೋದು ಮರ್ತಿದ್ದೂ ನಾನೇ. ಅವ್ಳನ್ನ ಅನ್ಬೇಡಿ," ಎಂದು ಹೇಳಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಈಗ ಅವರು ನಿಂಬೆಹಣ್ಣನ್ನು ಹಾರುವವರಿಗೆ ಕಟ್ಟುವುದಿಲ್ಲ, ತಮ್ಮ ಸೊಂಟಕ್ಕೇ ಕಟ್ಟಿಕೊಳ್ಳುತ್ತಾರೆ. ಆ ಶಾಟ್ ತೆಗೆದುಬಿಡಿ ಎಂದು ಚಾನೆಲಿನವರನ್ನು ಕೇಳಬಹುದಲ್ಲ ಎಂದರೆ, ಕೈಯಲ್ಲಿದ್ದ ಹಗ್ಗ ಸವರುತ್ತಾರೆ.

"ಕೇಳೋಣ ಅನ್ಕೊಂಡಿದ್ದೆ. ಆದ್ರೆ ಜಹನಾರಾ ಅಷ್ಟು ಎತ್ತರಕ್ಕೆ ಹೋಗಿದ್ದು ಅದೊಂದೇ ಸಲ ಸಾರ್. ಟೈಟಲ್ಲಲ್ಲಿ ಅವ್ಳ ಹೆಸರೂ ಇಲ್ಲ. ಅದನ್ನೂ ಕತ್ತರಿಸಿಬಿಟ್ರೆ ಅವ್ಳದ್ದು ಅಂತ ಏನು ಉಳಿಯುತ್ತೆ? ಇರ್ಲಿ ಬಿಡಿ. ನಗೋರು ನನ್ನ ನೋಡಿ ನಗ್ಲಿ."